ವಾಗ್ದಾನದ ಕಾರ್ಡು ಯಾವ ಪುಟದಿಂದ ಬಂತು?

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ವಾಗ್ದಾನದ ಕಾರ್ಡುಗಳ ತಟ್ಟೆ ಬರುತ್ತದೆ. ಮೇಲೊಂದು ಹೂವಿನ ಚಿತ್ರ, ಕೆಳಗೊಂದು ವಚನ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರೆ ಆ ವರ್ಷದ ವಾಕ್ಯ ಅದೇ. ಮನೆಗೆ ಬಂದ ಮೇಲೆ ಕಾರ್ಡು ಫ್ರಿಜ್ಜಿನ ಬಾಗಿಲಿಗೋ ಪರ್ಸಿನೊಳಕ್ಕೋ ಸೇರುತ್ತದೆ. ಪದ್ಧತಿಯಲ್ಲಿ ತಪ್ಪು ಹುಡುಕುವುದು ಬೇಡ. ಆದರೆ ಕಾರ್ಡಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ಯೆರೆಮೀಯ 29:11" ಎಂದೇನೋ ಅಚ್ಚಾಗಿರುತ್ತದಲ್ಲ, ಆ ಕಾರ್ಡಿನಲ್ಲಿ ಹೆಚ್ಚು ಬೆಲೆಬಾಳುವುದು ಅದು. ಅದು ವಿಳಾಸ: ಬೈಬಲಿನ ಯಾವ ಪುಸ್ತಕ, ಎಷ್ಟನೆಯ ಅಧ್ಯಾಯ, ಎಷ್ಟನೆಯ ವಚನ ಎಂದು. ವರ್ಷವಿಡೀ ಕಾರ್ಡು ನೋಡುವವರಲ್ಲಿ ಆ ವಿಳಾಸಕ್ಕೆ ಒಮ್ಮೆಯಾದರೂ ಹೋಗಿ ಬಂದವರು ಕಡಿಮೆ.

ಹೋಗಿ ನೋಡೋಣ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ಅಹಿತದ್ದಲ್ಲ, ನಿಮಗೆ ನಿರೀಕ್ಷೆ ಇದೆ ಎಂದು ದೇವರು ಹೇಳುವ ಮಾತು ಅಲ್ಲಿದೆ. ಅದು ಇರುವುದು ಒಂದು ಪತ್ರದ ನಡುವೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಅರಸನನ್ನೂ ಅಧಿಕಾರಿಗಳನ್ನೂ ಕಮ್ಮಾರ ಬಡಗಿಗಳನ್ನೂ ಬಾಬೆಲಿಗೆ ಸೆರೆ ಒಯ್ದ. ಹಾಗೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವಿದು. ಒಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಎಂದು ಸಾರುತ್ತಿದ್ದಾನೆ. ಜನಕ್ಕೆ ಬೇಕಾಗಿದ್ದ ವಾಗ್ದಾನ ಅದು. ಅವನು ಐದನೆಯ ತಿಂಗಳಲ್ಲಿ ಹೀಗೆ ಹೇಳಿದ, ಏಳನೆಯ ತಿಂಗಳಲ್ಲಿ ಸತ್ತ. ಯೆರೆಮೀಯನ ಪತ್ರ ಹೇಳುವುದೇ ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿರಿ. ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ. ಹನ್ನೊಂದನೆಯ ವಚನ ಬರುವುದು ಈ ಎಪ್ಪತ್ತರ ಬೆನ್ನಿಗೇ.

ಆ ಪತ್ರ ಕೇಳಿಸಿಕೊಂಡಾಗ ಮೂವತ್ತು ದಾಟಿದ್ದವನೊಬ್ಬ ಯೆರೂಸಲೇಮನ್ನು ಮತ್ತೆ ಕಾಣುವಂತಿರಲಿಲ್ಲ. ವಾಗ್ದಾನ ಸುಳ್ಳಲ್ಲ, ಆದರೆ ಅದು ಫಲಿಸುವುದು ಅವನ ಮೊಮ್ಮಕ್ಕಳ ಕಾಲಕ್ಕೆ. ಅವನ ಪಾಲಿಗೆ ಬಂದದ್ದು ತೋಟ ಮತ್ತು ಊರಿನ ಕ್ಷೇಮ. ಹೊಸ ಕೆಲಸ ಹುಡುಕುತ್ತಿರುವ ಹುಡುಗನ ಕೈಗೆ ಈ ಕಾರ್ಡು ಬಂದರೆ, ಮಾರ್ಚಿನೊಳಗೆ ಆಫರ್ ಲೆಟರ್ ಬಂದೇ ಬರುತ್ತದೆ ಎಂದು ಓದಿಕೊಳ್ಳುತ್ತಾನೆ. ಬಾರದಿದ್ದರೆ ದೇವರು ಮಾತಿಗೆ ತಪ್ಪಿದ ಎಂದುಕೊಳ್ಳುತ್ತಾನೆ. ದೇವರು ಹಾಗೆ ಹೇಳಿಯೇ ಇರಲಿಲ್ಲ. ಹಾಗೆ ಹೇಳಿದವನು ಹನನ್ಯ.

ಅಂಕಿಗಳು ನಡುವೆ ಬಂದದ್ದರಿಂದ ಆದ ಎಡವಟ್ಟು ಇದು. ಬೈಬಲನ್ನು ಈಗಿನಂತೆ ಅಧ್ಯಾಯಗಳಾಗಿ ವಿಂಗಡಿಸಿದ್ದು 13ನೆಯ ಶತಮಾನದ ಆರಂಭದಲ್ಲಿ, ಇಂಗ್ಲಿಷ್ ಧರ್ಮಗುರು ಸ್ಟೀಫನ್ ಲ್ಯಾಂಗ್‌ಟನ್. ಹೊಸ ಒಡಂಬಡಿಕೆಗೆ ಈಗಿರುವ ವಚನದ ಅಂಕಿಗಳನ್ನು ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ. ಹುಡುಕುವುದಕ್ಕೆ ಅನುಕೂಲವಾಗಲಿ ಎಂದು ಮಾಡಿದ ಕೆಲಸ. ಮೊದಲ ಕಾಲದ ಸಭೆಗಳಿಗೆ ಅಪೊಸ್ತಲ ಪೌಲ ಬರೆದದ್ದು ಪತ್ರ, ವಚನಗಳನ್ನಲ್ಲ. ದಪ್ಪಕ್ಷರದ ಉಪಶೀರ್ಷಿಕೆಗಳೂ ಅನುವಾದಕರು ಸೇರಿಸಿದವು. ಅವು ಎಲ್ಲಿ ಬೀಳುತ್ತವೆ ಎಂಬುದರ ಮೇಲೆ ಸಂಸಾರಗಳೇ ಹಾಳಾದದ್ದುಂಟು. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ತೆಗೆಯಿರಿ. 21ನೆಯ ವಚನ ಎಲ್ಲರಿಗೂ, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುತ್ತದೆ. ಅನೇಕ ಮುದ್ರಣಗಳಲ್ಲಿ ಅದಾದ ಮೇಲೆ ಒಂದು ಶೀರ್ಷಿಕೆ ಅಡ್ಡ ಬಂದು, ಹೊಸ ಭಾಗ "ಸ್ತ್ರೀಯರೇ" ಎಂದು 22ರಿಂದ ಶುರುವಾಗುತ್ತದೆ. ಗಂಡ ಅಲ್ಲಿಂದ ಓದಲು ತೊಡಗಿ 24ಕ್ಕೆ ನಿಲ್ಲಿಸುತ್ತಾನೆ. ಗಂಡನಿಗೆ ತಗ್ಗಿ ನಡೆ ಎಂದು ಹೆಂಡತಿಗೆ ಹೇಳಿದ್ದು ಮೂರು ವಚನ. ಅವನಿಗೆ ಹೇಳಿದ್ದು 25ರಿಂದ ಆಚೆಗೆ, ಅದರ ಎರಡರಷ್ಟಕ್ಕೂ ಹೆಚ್ಚು: ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ಪ್ರೀತಿಸು, ನಿನ್ನ ಸ್ವಂತ ಮೈಯನ್ನು ಪೋಷಿಸುವಂತೆ ಅವಳನ್ನು ಪೋಷಿಸು. ಕೈ ಎತ್ತುವವನು ಈ ಭಾಗವನ್ನು ತನ್ನ ಬೆಂಬಲಕ್ಕೆ ಕರೆಯುವುದಾದರೆ ಮುಂದಿನ ಒಂದು ಪ್ಯಾರಾ ಓದಿಲ್ಲ ಎಂದೇ ಅರ್ಥ.

ಇನ್ನೊಂದು ಜನಪ್ರಿಯ ಕಾರ್ಡು, ಪೌಲ ಫಿಲಿಪ್ಪಿಯ ಸಭೆಗೆ ಬರೆದ ಪತ್ರದ 4:13, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬುದು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕಾಲದಲ್ಲಿ ಇದಕ್ಕೆ ಬೇಡಿಕೆ ಜಾಸ್ತಿ. ಇದಕ್ಕಿಂತ ಒಂದು ವಚನ ಮೇಲೆ ಹೋದರೆ "ಎಲ್ಲ" ಎಂದರೆ ಏನೇನು ಎಂದು ಪೌಲನೇ ಪಟ್ಟಿ ಕೊಡುತ್ತಾನೆ: ಹೊಟ್ಟೆ ತುಂಬಿರುವುದು, ಹಸಿದಿರುವುದು, ಇರುವುದು, ಇಲ್ಲದಿರುವುದು. ಬರೆಯುತ್ತಿರುವುದು ಸೆರೆಯಿಂದ. ಹಾಗಾಗಿ ಫೇಲಾದ ಹುಡುಗನಿಗೂ ಇದು ಅಷ್ಟೇ ಸಲ್ಲುವ ವಚನ, ಬಹುಶಃ ಹೆಚ್ಚೇ. ಹಾಗೆಯೇ 4:19, ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುವನು ಎಂಬ ಮಾತು. ಅದನ್ನು ಕೇಳಿಸಿಕೊಂಡವರು ಪೌಲನಿಗೆ ಮತ್ತೆ ಮತ್ತೆ ಹಣ ಕಳಿಸಿ ತಮ್ಮ ಕೈ ಖಾಲಿ ಮಾಡಿಕೊಂಡಿದ್ದವರು. ಸಾಲದ ಮೇಲೆ ಸಾಲ ಮಾಡಿ ಈ ವಚನ ಗೋಡೆಗೆ ಅಂಟಿಸಿದರೆ ಬಡ್ಡಿ ನಿಲ್ಲುವುದಿಲ್ಲ.

ಇನ್ನು ಓದುವ ಬಗೆ. ಜನವರಿ ಒಂದರಂದು "ಈ ವರ್ಷ ಇಡೀ ಬೈಬಲ್" ಎಂದು ಆದಿಕಾಂಡದಿಂದ ಶುರು ಮಾಡುವವರು ಎಲ್ಲಿ ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿಯೇ ಹೇಳಬಹುದು. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯ. ದಿನಕ್ಕೆ ಮೂರೂಕಾಲು ಬೀಳುತ್ತದೆ. ಕಥೆ ಸೊಗಸಾಗಿ ಓಡುತ್ತದೆ, ಕೆಂಪು ಸಮುದ್ರ ದಾಟಿಯೂ ಆಗುತ್ತದೆ. ಜನವರಿ 24ರ ಆಸುಪಾಸಿಗೆ ವಿಮೋಚನಕಾಂಡ 25 ಎದುರಾಗುತ್ತದೆ: ದೇವದರ್ಶನ ಗುಡಾರದ ಹಲಗೆ, ಕೊಂಡಿ, ಪರದೆ, ಮೊಳದ ಲೆಕ್ಕ. ತಿಂಗಳ ಕೊನೆಗೆ ಯಾಜಕಕಾಂಡ. ಎರಡು ದಿನ ತಪ್ಪಿದರೆ ಆರೇಳು ಅಧ್ಯಾಯ ಬಾಕಿ, ನಾಲ್ಕು ದಿನಕ್ಕೆ ಹದಿಮೂರು. ಫೆಬ್ರವರಿಯಲ್ಲಿ ಬುಕ್‌ಮಾರ್ಕ್ ಅಲ್ಲೇ ಉಳಿದು ಮುಂದಿನ ಜನವರಿಗೆ ಮತ್ತೆ ಆದಿಕಾಂಡ 1. ಹೀಗೆ ಆದಿಕಾಂಡವನ್ನು ಹತ್ತು ಸಲ ಓದಿ ಯೆಶಾಯನನ್ನು ಒಂದು ಸಲವೂ ಮುಟ್ಟದವರಿದ್ದಾರೆ.

ಹೊಸದಾಗಿ ಕೂರುವವರು ಮಾರ್ಕನ ಸುವಾರ್ತೆಯಿಂದ ಶುರು ಮಾಡಲಿ. 16 ಅಧ್ಯಾಯ, ಗಟ್ಟಿಯಾಗಿ ಓದಿದರೆ ಒಂದೂವರೆ ಗಂಟೆ ಚಿಲ್ಲರೆ, ನಾಲ್ಕು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಆದಿಕಾಂಡ, ವಿಮೋಚನಕಾಂಡದ ಮೊದಲ 20 ಅಧ್ಯಾಯ, ಲೂಕ, ಅಪೊಸ್ತಲರ ಕೃತ್ಯಗಳು. ಇಷ್ಟಾದರೆ ಕಥೆಯ ಬೆನ್ನುಮೂಳೆ ಸಿಕ್ಕಂತೆ. ಪ್ರಕಟನೆ ಪುಸ್ತಕಕ್ಕೆ ಅವಸರ ಬೇಡ. ದಾನಿಯೇಲ, ಯೆಹೆಜ್ಕೇಲ, ಜೆಕರ್ಯ ಓದಿರದಿದ್ದರೆ ಅದರ ಮೃಗಗಳೂ ಕೊಂಬುಗಳೂ ಎಲ್ಲಿಂದ ಬಂದವೆಂದು ತಿಳಿಯುವುದಿಲ್ಲ, ತಿಳಿಯದ ಜಾಗವನ್ನು ಯೂಟ್ಯೂಬ್ ತುಂಬುತ್ತದೆ.

ಆಮೇಲೆ ಒಂದು ಪತ್ರವನ್ನು ನಿಧಾನವಾಗಿ ಹಿಡಿಯುವುದು. ಫಿಲಿಪ್ಪಿಯೇ ಇರಲಿ: 4 ಅಧ್ಯಾಯ, 104 ವಚನ, ಗಟ್ಟಿಯಾಗಿ ಓದಲು ಕಾಲು ಗಂಟೆ. ಮೊದಲ ವಾರ ದಿನಾ ಇಡೀ ಪತ್ರ, ಒಂದೇ ಕೂತಲ್ಲಿ, ಗಟ್ಟಿಯಾಗಿ, ಕೈಯಲ್ಲಿ ಪೆನ್ನಿಲ್ಲದೆ. ಮೂರನೆಯ ದಿನಕ್ಕೆ ಬೇಜಾರು ಬರುತ್ತದೆ. ಐದನೆಯ ದಿನಕ್ಕೆ, ಅರೆ, ಈ ಇಬ್ಬರು ಹೆಂಗಸರು ಯಾರು ಎಂದು ಕಣ್ಣು ನಿಲ್ಲುತ್ತದೆ: ಯುವೊದ್ಯ, ಸಂತುಕೆ. ಸುವಾರ್ತೆಗಾಗಿ ಪೌಲನ ಜೊತೆ ಪ್ರಯಾಸಪಟ್ಟವರು, ಈಗ ಒಬ್ಬರಿಗೊಬ್ಬರು ಸರಿಯಿಲ್ಲ. ಅವರ ಹೆಸರು ಬರುವುದು ನಾಲ್ಕನೆಯ ಅಧ್ಯಾಯದಲ್ಲಿ. ಆದರೆ ಎರಡನೆಯ ಅಧ್ಯಾಯದಲ್ಲೇ ಪೌಲ, ಒಂದೇ ಮನಸ್ಸುಳ್ಳವರಾಗಿರಿ, ಮತ್ತೊಬ್ಬರನ್ನು ನಿಮಗಿಂತ ಶ್ರೇಷ್ಠರೆಂದು ಎಣಿಸಿ ಎಂದು ಹೇಳಿ, ತನ್ನನ್ನು ಬರಿದು ಮಾಡಿಕೊಂಡ ಕ್ರಿಸ್ತನ ಬಗ್ಗೆ ಬರೆದಿರುತ್ತಾನೆ. ಆ ಉದಾತ್ತ ಸಾಲುಗಳು ಒಂದು ನಿಜವಾದ ಜಗಳದ ಕಡೆಗೂ ನಡೆಯುತ್ತಿದ್ದವು ಎಂಬುದು ದಿನಕ್ಕೊಂದು ವಚನ ಓದುವವರಿಗೆ ಎಂದೂ ಕಾಣುವುದಿಲ್ಲ.

ಎರಡನೆಯ ವಾರ ಪೆನ್ಸಿಲ್ ಹಿಡಿಯಿರಿ. ಪೆನ್ಸಿಲ್ಲೇ ಆಗಬೇಕು. ಬೈಬಲಿನ ಕಾಗದ ತೆಳು, ಜೆಲ್ ಪೆನ್ನೂ ಹೈಲೈಟರೂ ಹಿಂದಿನ ಪುಟಕ್ಕೆ ಇಳಿದುಬಿಡುತ್ತವೆ. ಮಕ್ಕಳ ಬಣ್ಣದ ಪೆನ್ಸಿಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. "ಸಂತೋಷ" ಬಂದಲ್ಲೆಲ್ಲ ಸುತ್ತು ಹಾಕಿ. "ಮನಸ್ಸು" ಬಂದಲ್ಲೆಲ್ಲ ಅಡಿಗೆರೆ. "ಆದಕಾರಣ", "ಯಾಕಂದರೆ", "ಆದರೂ" ಇವುಗಳಿಗೆ ಬಾಣದ ಗುರುತು, ಏಕೆಂದರೆ ವಾದ ತಿರುಗುವುದು ಅಲ್ಲೇ. ಮೂರನೆಯ ವಾರ ದಿನಕ್ಕೆ ಹತ್ತು ಹನ್ನೆರಡು ವಚನದ ಒಂದು ಪ್ಯಾರಾ ಮಾತ್ರ. ನೂರು ಪುಟದ ನೋಟ್‌ಬುಕ್ಕಿನ ಎಡಪುಟದಲ್ಲಿ ಅಲ್ಲಿ ಏನಿದೆ ಎಂದು: ಯಾರು ಯಾರಿಗೆ ಹೇಳುತ್ತಿದ್ದಾರೆ, ಹಿಂದೆ ಮುಂದೆ ಏನಿದೆ, ದೇವರ ಬಗ್ಗೆ ಏನು ಹೇಳಿದೆ. ಬಲಪುಟ ಖಾಲಿ ಬಿಡಿ, ಅದರ ಮಾತು ಆಮೇಲೆ. ಕಂಠಪಾಠ ಮಾಡುವುದಾದರೆ ಒಂಟಿ ವಚನ ಬಿಟ್ಟು ಪ್ಯಾರಾ ಮಾಡಿ. 2:5ರಿಂದ 11, ಏಳು ವಚನ, ಮೂರು ದಿನಕ್ಕೊಂದರಂತೆ ಮೂರು ವಾರ.

ಯಾವ ಅನುವಾದ? ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮುಂತಾದವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅಲ್ಲಿಂದೀಚೆಗೆ ಅನುವಾದಗಳೂ ಪರಿಷ್ಕರಣೆಗಳೂ ಆಗುತ್ತಲೇ ಇವೆ. ಬೈಬಲ್ ಸೊಸೈಟಿಯ ಸತ್ಯವೇದ ಆರಾಧನೆಯಲ್ಲಿ ಕಿವಿಗೆ ಕೂತಿರುವ ಕನ್ನಡ. ಸಮಕಾಲಿಕ ಅನುವಾದ, ಸರಳ ಕನ್ನಡದ ಪರಿಶುದ್ಧ ಬೈಬಲ್, ಕಥೋಲಿಕರು ಬಳಸುವ, ಯೆಹೋವ ಎಂಬಲ್ಲಿ ಸರ್ವೇಶ್ವರ ಎನ್ನುವ ಅನುವಾದ, ಎಲ್ಲವೂ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದನ್ನು ಓದಲು ಇಟ್ಟುಕೊಳ್ಳಿ, ಗೊಂದಲವಾದಲ್ಲಿ ಇನ್ನೊಂದನ್ನು ಪಕ್ಕಕ್ಕಿಟ್ಟು ನೋಡಿ. ಎರಡು ಅನುವಾದಗಳು ಬೇರೆ ಬೇರೆ ಹೇಳಿದರೆ ಅಲ್ಲಿ ಮೂಲದಲ್ಲಿ ಏನೋ ಗಂಟಿದೆ ಎಂದು ತಿಳಿದು, ಸಭಾಪಾಲಕರನ್ನೋ ಗುರುಗಳನ್ನೋ ಕೇಳಲು ಒಂದು ನಿಖರವಾದ ಪ್ರಶ್ನೆ ಸಿಗುತ್ತದೆ.

ಸತ್ಯವೇದದ ಕೆಲವು ಮಾತುಗಳು ಬೀದಿಯ ಕನ್ನಡದಲ್ಲಿ ಬೇರೆ ಅರ್ಥಕ್ಕೆ ಸರಿದಿವೆ. "ನೀತಿ" ಎಂದರೆ ನಮಗೆ ನೀತಿಕಥೆ, ಸರ್ಕಾರದ ನೀತಿ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅದು ದೇವರ ಮುಂದೆ ಸರಿ ಎಂದು ನಿಲ್ಲುವುದು. "ನಿರೀಕ್ಷೆ" ನಮಗೆ ಬಸ್ಸು ಕಾಯುವುದು, ಬರಬಹುದು, ಬಾರದಿರಬಹುದು. ಅಲ್ಲಿ ಅದು ಭರವಸೆ. ಅತಿ ತಮಾಷೆಯದು "ಅನ್ಯಜನರು". ಪಕ್ಕದ ಮನೆಯ ಹಿಂದೂಗಳನ್ನೋ ಮುಸ್ಲಿಮರನ್ನೋ ಕುರಿತು ಸಭೆಯಲ್ಲಿ ಈ ಪದ ಧಾರಾಳವಾಗಿ ಓಡಾಡುತ್ತದೆ. ಬೈಬಲಿನಲ್ಲಿ ಅನ್ಯಜನರೆಂದರೆ ಯೆಹೂದ್ಯರಲ್ಲದವರು. ಎಫೆಸ 2:11 ಸಭೆಯಲ್ಲಿ ಕೂತಿದ್ದವರಿಗೇ, ನೀವು ಹುಟ್ಟಿನಿಂದ ಅನ್ಯಜನರು, ನೆನಪಿರಲಿ ಎನ್ನುತ್ತದೆ. ಕನ್ನಡದ ಕ್ರೈಸ್ತರೂ ಆ ಪಟ್ಟಿಯವರೇ.

ಕನ್ನಡ ನಮಗೆ ಮಾಡುವ ಒಂದು ಉಪಕಾರವೂ ಇದೆ. ಹಳೆಯ ಸತ್ಯವೇದ ಅರಸನನ್ನೂ ದೇವರನ್ನೂ "ನೀನು" ಎಂದೇ ಕರೆಯುತ್ತದೆ, "ನೀವು" ಎಂದರೆ ಅಲ್ಲಿ ಬಹುವಚನ. ನಾವು ಮರ್ಯಾದೆಯ "ನೀವು" ಬಳಸಿ ಬಳಸಿ ಅದನ್ನು ಒಬ್ಬರಿಗೆ ಹೇಳಿದ್ದೆಂದು ಕೇಳಿಸಿಕೊಳ್ಳುತ್ತೇವೆ. "ನೀವು ದೇವರ ಆಲಯ" ಎಂದು ಪೌಲ 1 ಕೊರಿಂಥ 3:16ರಲ್ಲಿ ಹೇಳಿದ್ದು ಪಕ್ಷ ಕಟ್ಟಿಕೊಂಡು ಒಡೆಯುತ್ತಿದ್ದ ಒಂದು ಇಡೀ ಸಭೆಗೆ. ಲೂಕ 22:31ರಲ್ಲಿ ಯೇಸು ಪೇತ್ರನನ್ನು ಹೆಸರು ಹಿಡಿದು ಕರೆದು, ಸೈತಾನ "ನಿಮ್ಮನ್ನು" ಗೋಧಿಯಂತೆ ಒನೆಯಲು ಕೇಳಿಕೊಂಡಿದ್ದಾನೆ ಎನ್ನುತ್ತಾನೆ. ಮರುವಚನದಲ್ಲಿ "ನಿನ್ನ" ನಂಬಿಕೆಗಾಗಿ ಬೇಡಿಕೊಂಡಿದ್ದೇನೆ ಎನ್ನುತ್ತಾನೆ. ಆಪತ್ತು ಹನ್ನೆರಡು ಮಂದಿಗೂ, ಪ್ರಾರ್ಥನೆ ಇವನ ಹೆಸರಿನಲ್ಲಿ, ತಿರುಗಿಕೊಂಡ ಮೇಲೆ ಇವನು ಉಳಿದವರನ್ನು ದೃಢಪಡಿಸಬೇಕು. ಸರ್ವನಾಮ ನೋಡುವುದಕ್ಕೆ ಗ್ರೀಕ್ ಬೇಕಾಗಿಲ್ಲ.

ಬರಹದ ಜಾತಿ ಗಮನಿಸದೆ ಓದಿದರೂ ಎಡವುತ್ತೇವೆ. ಜ್ಞಾನೋಕ್ತಿ 26:4 ಮೂಢನಿಗೆ ಅವನ ಮೂಢತನಕ್ಕೆ ತಕ್ಕ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಬರೆದವನಿಗೆ ಮರೆವಲ್ಲ. ಗಾದೆಗಳ ಸ್ವಭಾವವೇ ಅದು, ಯಾವ ಹೊತ್ತಿಗೆ ಯಾವುದು ಎಂದು ತಿಳಿಯುವುದೇ ಜ್ಞಾನ. ಹಾಗಿರುವಾಗ, ಮಗುವನ್ನು ಸರಿಯಾದ ದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲೂ ಅದನ್ನು ಬಿಡದು ಎನ್ನುವ 22:6ನ್ನು ಹಿಡಿದು, ಮಗ ದಾರಿ ತಪ್ಪಿದ ತಾಯಿಗೆ ನೀನೇ ಸರಿಯಾಗಿ ಬೆಳೆಸಲಿಲ್ಲ ಎನ್ನುವುದು ಕ್ರೌರ್ಯ. ಚರಿತ್ರೆಯ ಭಾಗಗಳು ನಡೆದದ್ದನ್ನು ಹೇಳುತ್ತವೆ, ಎಲ್ಲವನ್ನೂ ಮಾಡು ಎನ್ನುವುದಿಲ್ಲ. ಇಸ್ರಾಯೇಲಿನ ನಾಯಕ ಗಿದ್ಯೋನ ಉಣ್ಣೆ ಹಾಸಿ ದೇವರಿಂದ ಗುರುತು ಕೇಳಿದ್ದು ದೇವರು ಸ್ಪಷ್ಟವಾಗಿ ಹೇಳಿದ ಮೇಲೆ, ಕೋಪಿಸಬೇಡ ಎಂದು ಅಂಜುತ್ತ. ಇಂಥ ಸಂಬಂಧ ಒಪ್ಪಲೋ ಬೇಡವೋ ಎಂದು ತೀರ್ಮಾನಿಸಲು ಅದು ಮಾದರಿಯಲ್ಲ. ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು ಎನ್ನುವ ಯೆಶಾಯ 53:5 ಓದಿ ಬಿಪಿ ಮಾತ್ರೆ ನಿಲ್ಲಿಸುವವರು, ಪೌಲನ ಜೊತೆಗಿದ್ದ ಲೂಕ ವೈದ್ಯನೆಂದು ಕೊಲೊಸ್ಸೆ 4:14 ಹೇಳುವುದನ್ನೂ, ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಬರೆದದ್ದನ್ನೂ ಜೊತೆಗೆ ಓದಲಿ. ಮಾತ್ರೆ ನಿಲ್ಲಿಸುವ ತೀರ್ಮಾನ ವೈದ್ಯರದ್ದು.

ಈಗ ಆ ಖಾಲಿ ಬಲಪುಟ. "ಇನ್ನು ಮೇಲೆ ಎಲ್ಲರನ್ನೂ ಪ್ರೀತಿಸುತ್ತೇನೆ" ಎಂದು ಅಲ್ಲಿ ಬರೆದರೆ ಆ ಪುಟ ಖಾಲಿಯೇ ಇದ್ದಂತೆ. ಒಂದು ಹೆಸರು, ಒಂದು ಕೆಲಸ, ಒಂದು ದಿನ ಇರಬೇಕು. ಯಾಜಕಕಾಂಡ ಓದಲಾಗದೆ ನಿಂತವರಿಗೆ 19ನೆಯ ಅಧ್ಯಾಯ ಒಳ್ಳೆಯ ಬಾಗಿಲು. "ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು" ಎಂಬ ಮಾತು ಇರುವುದು ಅಲ್ಲೇ, 18ನೆಯ ವಚನ. ಪ್ರೀತಿ ಎಂದರೇನು ಎಂಬುದು ಅದರ ಸುತ್ತ ಇದೆ: ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೆ ಬಿಡು, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ, ಕಿವುಡನನ್ನು ಬೈಯಬೇಡ, ತಕ್ಕಡಿ ಸರಿಯಿರಲಿ. ಬೆಥ್ಲೆಹೇಮಿನಲ್ಲಿ ವಿಧವೆ ರೂತಳು ಹಕ್ಕಲಾಯ್ದು ಉಂಡದ್ದು ಆ ಬಿಟ್ಟ ಅಂಚಿನ ಕಾನೂನಿನಿಂದ. ಕೂಲಿಯ ಮಾತನ್ನು ಯಾಕೋಬ ತನ್ನ ಪತ್ರದ 5:4ರಲ್ಲಿ ಮತ್ತೆ ಎತ್ತುತ್ತಾನೆ, ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ ಎಂದು. ಇದನ್ನು ಓದಿದ ಮನೆಯ ಬಲಪುಟದಲ್ಲಿ ಇರಬೇಕಾದದ್ದು ಇಷ್ಟು: ಪಾತ್ರೆ ತೊಳೆಯುವ ಅಕ್ಕನ ಸಂಬಳ ಒಂದನೆಯ ತಾರೀಕು ಸಂಜೆಯೊಳಗೆ, ನಾವು ಊರಿಗೆ ಹೋದ ದಿನಗಳದ್ದನ್ನು ಕಡಿಯದೆ.

ಮತ್ತಾಯ 18:15 ಇನ್ನೂ ಕಷ್ಟ. ಸಹೋದರ ತಪ್ಪು ಮಾಡಿದರೆ ಮೊದಲು ಇಬ್ಬರೇ ಇರುವಾಗ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ. ನಡೆಯುವುದು ತಲೆಕೆಳಗು: ಮೊದಲು ವಾಟ್ಸಾಪ್ ಗುಂಪಿಗೆ, ಅದೂ "ಪ್ರಾರ್ಥನೆಯ ವಿಷಯ" ಎಂಬ ಮುಸುಕಿನಲ್ಲಿ, ಕೊನೆಗೆ ಆ ಮನುಷ್ಯನಿಗೇ. ಯಾಕೋಬ 2ರಲ್ಲಿ ಚಿನ್ನದುಂಗುರದವನಿಗೆ ಮುಂದಿನ ಆಸನ, ಕೊಳೆ ಬಟ್ಟೆಯವನಿಗೆ ಕಾಲ ಬಳಿ ಜಾಗ. ಇದನ್ನು ಭಾನುವಾರ ಬಾಗಿಲಲ್ಲಿ ನಿಲ್ಲುವವರು ಓದಬೇಕು, ಸಭೆಯ ಮದುವೆ ಊಟದಲ್ಲಿ ಯಾವ ಪಂಕ್ತಿಗೆ ಯಾರನ್ನು ಕೂರಿಸುತ್ತೇವೆ ಎಂದು ಗೊತ್ತಿರುವವರೆಲ್ಲ ಓದಬೇಕು. ಯೇಸುವಿನ ಹೆಸರಿನಲ್ಲಿ ಒಂದೇ ಪಾತ್ರೆಯಲ್ಲಿ ಪಾನಮಾಡಿ, ಮಗಳಿಗೆ ಗಂಡು ನೋಡುವಾಗ ಜಾತಿ ಕೇಳುವ ಮನೆಗಳೂ ಇದನ್ನು ಓದಬಹುದು.

ಒಬ್ಬರೇ ಮಾಡುವ ತೀರ್ಮಾನ ಗುರುವಾರಕ್ಕೆ ಮಸುಕಾಗುತ್ತದೆ. ಇಬ್ಬರು ಮೂವರು ಸೇರಿ ಒಂದೇ ಪತ್ರ ಓದುತ್ತಿದ್ದು, ಮುಂದಿನ ವಾರ "ಹೋಗಿ ಬಂದಿರಾ?" ಎಂದು ಕೇಳುವವರಿದ್ದರೆ ಮಾತ್ರ ಬಲಪುಟ ಕೆಲಸ ಮಾಡುತ್ತದೆ. ಗುಂಪಿಗೆ ಮೊದಲ ಓದಾಗಿ ಫಿಲೆಮೋನನಿಗೆ ಬರೆದ ಪತ್ರ ತೆಗೆದುಕೊಳ್ಳಿ. 25 ವಚನ, ಮೂರು ನಿಮಿಷ. ಫಿಲೆಮೋನನನ್ನು ಬಿಟ್ಟು ಹೋಗಿದ್ದ ದಾಸ ಒನೇಸಿಮ ಈಗ ವಿಶ್ವಾಸಿ. ಅವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೊ, ಅವನಿಂದ ಬರಬೇಕಾದ್ದೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲ ಸ್ವಂತ ಕೈಯಲ್ಲಿ ಬರೆಯುತ್ತಾನೆ. ಪತ್ರದ ವಿಳಾಸದಲ್ಲಿ ಫಿಲೆಮೋನನೊಬ್ಬನೇ ಇಲ್ಲ, ಅಪ್ಫಿಯ, ಅರ್ಖಿಪ್ಪ, ಅವನ ಮನೆಯಲ್ಲಿ ಕೂಡುವ ಸಭೆ ಎಲ್ಲ ಇದ್ದಾರೆ. ಅಂದರೆ ಅವನೊಬ್ಬನೇ ಓದಿ ಮಡಚಿಡುವ ಕಾಗದವಲ್ಲ ಅದು. ಕೊನೆಯಲ್ಲಿ, ಶುಭಾಶಯಗಳಿಗೆ ಸ್ವಲ್ಪ ಮುಂಚೆ, ಪೌಲ ಇನ್ನೊಂದು ಸಾಲು ಸೇರಿಸುತ್ತಾನೆ: ನನಗೆ ಇಳುಕೊಳ್ಳಲು ಒಂದು ಕೋಣೆ ಸಿದ್ಧಮಾಡಿಡು, ನಿಮ್ಮ ಪ್ರಾರ್ಥನೆಗಳಿಂದ ನಾನು ಬರುವೆನೆಂಬ ನಿರೀಕ್ಷೆ ಇದೆ.